ಬೇಣದ ಹುಲ್ಲು ತೂಗಿ ನೋಡೋಣ: ಜೀವವೈವಿಧ್ಯ ಪರಿಸರವನ್ನು ಎಷ್ಟು ಗಟ್ಟಿಯಾಗಿಡುತ್ತದೆ ಎಂದು ಅಳೆಯುವ ಸಮಗ್ರ ಮಾರ್ಗದರ್ಶಿ

ನಮ್ಮ ತೋಟದ ಅಡಿಕೆಗೆ ಕೊಳೆ ಬಂದ ವರ್ಷ ಮನೆ ನಡೆದದ್ದು ಕಾಳುಮೆಣಸಿನಿಂದ. ಮೆಣಸಿನ ಬಳ್ಳಿ ಸೊರಗಿದ ವರ್ಷ ಅಡಿಕೆ, ಬಾಳೆ ಕೈಹಿಡಿದವು. ಶಿರಸಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾರವಾರದ ಮೀನು ಮಾರ್ಕೆಟ್ಟಿನಲ್ಲೂ ಅಷ್ಟೇ. ತಾರ್ಲೆ ಬಾರದ ವರ್ಷ ಬಂಗಡೆ ಬಂದರೆ ಬುಟ್ಟಿ ಪೂರ್ತಿ ಖಾಲಿ ಇರುವುದಿಲ್ಲ.

ಕಾಡು, ಬೇಣ (ದನಕ್ಕೆ ಹುಲ್ಲು ಕೊಯ್ಯುವ ಬಯಲು), ಅಳಿವೆ (ನದಿ ಸಮುದ್ರ ಸೇರುವ ಜಾಗ), ಇಲ್ಲೆಲ್ಲ ಹೀಗೇ ನಡೆಯುತ್ತದಾ? ಜಾತಿಗಳು ಜಾಸ್ತಿ ಇರುವ ಜಾಗ ಬರ ಬಂದರೂ ಅಷ್ಟಾಗಿ ಅಲುಗಾಡುವುದಿಲ್ಲವಾ? ಹೌದು ಅಂತ ಹೇಳಿಬಿಡುವುದು ಸುಲಭ. ಅಳೆದು ತೋರಿಸಲು ಐದಾರು ವರ್ಷ ಬೇಕು. ದೊಡ್ಡ ಪ್ರಯೋಗಾಲಯ ಮಾತ್ರ ಬೇಡ. ಕತ್ತಿ, ಹಗ್ಗ, ತಕ್ಕಡಿ, ಒಂದು ವಹಿ, ಆಮೇಲೆ ಒಂದಿಷ್ಟು ಹಟ ಇದ್ದರೆ ಸಾಕು. ಕಾಲೇಜಿನ ವಿದ್ಯಾರ್ಥಿಗಳು, ಶಾಲೆಯ ಇಕೋ ಕ್ಲಬ್‌ನವರು, ಸ್ವಂತ ಬೇಣ ಇರುವ ತೋಟಿಗರು, ಯಾರು ಬೇಕಾದರೂ ಮಾಡಬಹುದು.

ಮೊದಲು ಪ್ರಶ್ನೆ ಬಿಡಿಸಿಕೊಳ್ಳಿ

ವಿಜ್ಞಾನಿಗಳೇ ಇದರಲ್ಲಿ ಬಹಳ ಕಾಲ ಜಗಳವಾಡಿದ್ದಾರೆ. ಜಾತಿಗಳು ಕಡಿಮೆ ಇರುವ ಜಾಗ ಬೇಗ ಏರುಪೇರಾಗುತ್ತದೆ ಎಂದು ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ 1958ರಲ್ಲಿ ವಾದಿಸಿದರು. 1972ರಲ್ಲಿ ರಾಬರ್ಟ್ ಮೇ ಗಣಿತ ಹಾಕಿ ಉಲ್ಟಾ ತೋರಿಸಿದರು. ಜಾತಿಗಳನ್ನು ಮನಬಂದಂತೆ ಒಂದಕ್ಕೊಂದು ಕೊಂಡಿ ಹಾಕುತ್ತಾ ಹೋದರೆ ಅವರ ಲೆಕ್ಕದಲ್ಲಿ ಅಲುಗಾಟ ಜಾಸ್ತಿಯೇ ಆಯಿತು.

ಜಗಳ ಸ್ವಲ್ಪ ತಿಳಿಯಾಗಿದ್ದು ಅಮೆರಿಕದ ಮಿನೆಸೋಟಾದ ಸೀಡರ್ ಕ್ರೀಕ್ ಎಂಬ ಹುಲ್ಲುಗಾವಲಿನಲ್ಲಿ. ಅಲ್ಲಿ 1988ರಲ್ಲಿ ದೊಡ್ಡ ಬರ ಬಿತ್ತು. ಅಳತೆಗೆಂದು ಗುರುತು ಮಾಡಿದ ನೆಲದ ತುಂಡುಗಳ ಪೈಕಿ ಜಾತಿಗಳು ಜಾಸ್ತಿ ಇದ್ದವುಗಳಲ್ಲಿ ಹುಲ್ಲು ಕಡಿಮೆ ನಷ್ಟವಾಗಿತ್ತು ಎಂದು ಡೇವಿಡ್ ಟಿಲ್ಮನ್ ಮತ್ತು ಜಾನ್ ಡೌನಿಂಗ್ 1994ರಲ್ಲಿ ಬರೆದರು. "ಅದು ಗೊಬ್ಬರದ ಪರಿಣಾಮ ಇರಬಹುದಲ್ಲ" ಎಂದು ಕೆಲವರು ತಕರಾರು ತೆಗೆದರು. ತಕರಾರಿನಲ್ಲಿ ಹುರುಳಿತ್ತು. ಆ ತುಂಡುಗಳಿಗೆ ಹಾಕಿದ ಗೊಬ್ಬರವೇ ಜಾತಿಗಳನ್ನು ಕಡಿಮೆ ಮಾಡಿತ್ತು. ಟಿಲ್ಮನ್ ಅದೇ ಜಾಗದಲ್ಲಿ 168 ತುಂಡುಗಳಲ್ಲಿ 1, 2, 4, 8, 16 ಜಾತಿಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಬಿತ್ತಿಸಿದರು. ಹತ್ತು ವರ್ಷದ ಲೆಕ್ಕ 2006ರಲ್ಲಿ ಬಂತು. ಜಾತಿ ಜಾಸ್ತಿ ಇದ್ದ ಕಡೆ ಒಟ್ಟು ಬೆಳೆ ವರ್ಷದಿಂದ ವರ್ಷಕ್ಕೆ ಹೆಚ್ಚು ಸಮವಾಗಿತ್ತು. ಆದರೆ ಅದೇ ತುಂಡುಗಳಲ್ಲಿ ಬಿಡಿಬಿಡಿಯಾಗಿ ನೋಡಿದರೆ ಒಂದೊಂದು ಜಾತಿಯ ಏರಿಳಿತ ಜಾಸ್ತಿಯೇ ಆಗಿತ್ತು.

ಈ ಕೊನೆಯ ಸಾಲನ್ನು ವಹಿಯ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಬಿಡಿಬಿಡಿ ಅಲುಗಾಡುತ್ತದೆ, ಒಟ್ಟು ನಿಲ್ಲುತ್ತದೆ. ಹಾಗಾಗಿ ಬರೀ ಒಟ್ಟು ತೂಗಿದರೂ ಸಾಲದು, ಬರೀ ಜಾತಿ ಎಣಿಸಿದರೂ ಸಾಲದು. ಪ್ರತಿ ಜಾತಿಯನ್ನು ಬೇರೆ ಬೇರೆ ತೂಗಬೇಕು. ಪ್ರತಿ ವರ್ಷ ತೂಗಬೇಕು. ಅದೂ ಅದೇ ಜಾಗದಲ್ಲಿ.

ನಾವು ಮೊದಲ ವರ್ಷ ಇದನ್ನೇ ಮಾಡಲಿಲ್ಲ. ಕೊಯ್ದ ಹುಲ್ಲನ್ನೆಲ್ಲ ಒಂದೇ ಹೊರೆ ಕಟ್ಟಿ ತೂಗಿ ಬರೆದುಕೊಂಡು ಬಂದೆವು. ಒಂದಿಡೀ ವರ್ಷದ ಕೆಲಸ ದನದ ಕೊಟ್ಟಿಗೆ ಸೇರಿತು.

ಜಾಗ: ಯಾಕೆ ಬೇಣ?

ಕಾಡಿನ ಮರಗಳಲ್ಲಿ ಇದನ್ನು ಅಳೆಯಲು ಹೊರಟರೆ ಅರ್ಧ ಆಯುಷ್ಯ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲೇ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾಡಿನ ತುಂಡುಗಳನ್ನು ಗುರುತು ಮಾಡಿ ಮರಗಳ ಸುತ್ತಳತೆ ತೆಗೆಯಲು ಶುರುಮಾಡಿದ್ದರು. ಅದು ಸಂಸ್ಥೆಗಳು ಮಾಡುವ ಕೆಲಸ. ಹುಲ್ಲು ಹಾಗಲ್ಲ. ಜೂನ್‌ನಲ್ಲಿ ಚಿಗುರಿ ಅಕ್ಟೋಬರ್‌ನಲ್ಲಿ ಬಲಿಯುತ್ತದೆ. ವರ್ಷಕ್ಕೊಂದು ಉತ್ತರ ಕೊಡುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕರಡ (ಬಲಿತು ಒಣಗಿದ ಹುಲ್ಲು) ಕೊಯ್ಯುವ ಬೇಣ ಇನ್ನೂ ಅಲ್ಲಲ್ಲಿ ಉಳಿದಿದೆ. ನೋಡಲು ಒಂದೇ ಹುಲ್ಲು ಅನಿಸುತ್ತದೆ. ಕೂತು ನೋಡಿದರೆ ಹತ್ತಾರು ಜಾತಿ ಸಿಗುತ್ತವೆ: ಎತ್ತರದ ಹುಲ್ಲು, ಗಿಡ್ಡ ಹುಲ್ಲು, ಜೇಕು, ಹುರುಳಿಯ ಕುಟುಂಬದ ಸಣ್ಣ ಬಳ್ಳಿ, ಮಳೆಗಾಲದಲ್ಲಿ ಮಾತ್ರ ಹೂಬಿಡುವ ಪುಟ್ಟ ಗಿಡ.

ಜಾಗ ಆರಿಸುವಾಗ ಒಂದು ಬಲೆ ಇದೆ. ದೇವಿಮನೆ ಘಟ್ಟದ ಕಡೆ ಸುರಿಯುವ ಮಳೆ ಬೇರೆ, ಬನವಾಸಿ ಕಡೆಯದು ಬೇರೆ. ಪೂರ್ವಕ್ಕೆ ಹೋದಂತೆ ಮಳೆ ಇಳಿಯುತ್ತದೆ. ಜಾತಿ ಜಾಸ್ತಿ ಇರುವ ತುಂಡುಗಳನ್ನೆಲ್ಲ ಘಟ್ಟದ ಅಂಚಿನಲ್ಲಿ, ಕಡಿಮೆ ಇರುವವನ್ನೆಲ್ಲ ಬನವಾಸಿಯಲ್ಲಿ ಇಟ್ಟರೆ ನೀವು ಅಳೆಯುವುದು ಮಳೆಯನ್ನೇ ಹೊರತು ಜೀವವೈವಿಧ್ಯವನ್ನಲ್ಲ. ಆದ್ದರಿಂದ ಪ್ರತಿ ಬೇಣದಲ್ಲೂ ಎಲ್ಲ ಬಗೆಯ ತುಂಡುಗಳು ಇರಬೇಕು. ಒಂದೇ ಇಳಿಜಾರು, ಒಂದೇ ಮಣ್ಣು, ಒಂದೇ ಬಿಸಿಲು.

ನಾಲ್ಕು ಬೇಣ, ಪ್ರತಿ ಬೇಣದಲ್ಲಿ ಆರು ತುಂಡು, ಒಟ್ಟು 24. ಇದಕ್ಕಿಂತ ಕಡಿಮೆ ಮಾಡಿದರೆ ಲೆಕ್ಕ ಮಾತಾಡುವುದಿಲ್ಲ. ಜಾಸ್ತಿ ಮಾಡಿದರೆ ಮೂರನೇ ವರ್ಷಕ್ಕೆ ಕೈಬಿಡುತ್ತೀರಿ. ಎರಡನ್ನೂ ಅನುಭವದಿಂದ ಹೇಳುತ್ತಿದ್ದೇನೆ.

ಅನುಮತಿ ವಿಷಯ. ಸ್ವಂತ ಮಾಲ್ಕಿ ಜಮೀನಾದರೆ ತೊಂದರೆ ಇಲ್ಲ. ಸೊಪ್ಪಿನ ಬೆಟ್ಟವಾದರೆ (ಅಡಿಕೆ ತೋಟಕ್ಕೆಂದು ಬಿಟ್ಟುಕೊಟ್ಟ ಕಾಡು) ತೋಟದವರಿಗೆ ಇರುವುದು ಸೊಪ್ಪು, ದರಕು (ಒಣ ಎಲೆ), ಹುಲ್ಲು ತರುವ ಸವಲತ್ತು, ಒಡೆತನ ಅಲ್ಲ. ಅರಣ್ಯ ಇಲಾಖೆಯನ್ನು ಬರಹದಲ್ಲಿ ಕೇಳಿ. ಗ್ರಾಮ ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ತಿಳಿಸಿಡಿ.

ತುಂಡು ಹಾಕುವುದು

ಪ್ರತಿ ತುಂಡು 4 ಮೀಟರ್ ಉದ್ದ, 4 ಮೀಟರ್ ಅಗಲ. ತುಂಡುಗಳ ನಡುವೆ 2 ಮೀಟರ್ ದಾರಿ ಬಿಡಿ. ಮೂಲೆಗೆ ಬಿದಿರು ಗೂಟ ಹಾಕಬೇಡಿ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ವರಲೆ ತಿಂದು ಮುಗಿಸುತ್ತದೆ. ಕಬ್ಬಿಣದ ಸರಳು ಹಾಕಿದರೆ ಗುಜರಿಗೆ ಹೋಗುತ್ತದೆ. ಚಿರೇಕಲ್ಲನ್ನು ನೆಲದ ಮಟ್ಟಕ್ಕೆ ಹೂತು ತಲೆಗೆ ಬಣ್ಣ ಬಳಿಯಿರಿ. ಯಾರೂ ಒಯ್ಯುವುದಿಲ್ಲ. ಫೋನಿನ ಜಿಪಿಎಸ್ ಕೆಲವು ಮೀಟರ್ ತಪ್ಪುತ್ತದೆ. ಹಾಗಾಗಿ ಒಂದು ದೊಡ್ಡ ಮರದಿಂದ ಟೇಪಿನಲ್ಲಿ ಅಳೆದ ದೂರವನ್ನೂ ಬರೆದಿಡಿ.

ಬೇಲಿ ಬೇಕೇ ಬೇಕು. ನಮ್ಮ ಒಂದು ಬೇಣದಲ್ಲಿ ಎರಡನೇ ವರ್ಷ ಸೆಪ್ಟೆಂಬರಿನಲ್ಲಿ ಯಾರದೋ ದನ ನುಗ್ಗಿ ಆರೂ ತುಂಡು ಮೇಯ್ದು ಹೋದವು. ದನಕ್ಕೆ ಏನು ಗೊತ್ತು ಪಾಪ.

ಈಗ ಮುಖ್ಯ ಕೆಲಸ. ಸುಮ್ನೆ ಇದ್ದ ಹಾಗೆ ನೋಡುತ್ತಾ ಹೋದರೆ ಜಾತಿ ಜಾಸ್ತಿ ಇರುವ ತುಂಡಿನಲ್ಲಿ ಮಣ್ಣೂ ಚೆನ್ನಾಗಿರಬಹುದು. ಯಾವುದರಿಂದ ಏನಾಯಿತು ಅಂತ ಹೇಳಲು ಬರುವುದಿಲ್ಲ. ಅದಕ್ಕೇ ಕಿತ್ತು ನೋಡುವ ಪ್ರಯೋಗ. ಪ್ರತಿ ಬೇಣದ ಆರು ತುಂಡುಗಳ ಹೆಸರಲ್ಲಿ ಚೀಟಿ ಎತ್ತಿ. ಎರಡು ತುಂಡು ಇದ್ದ ಹಾಗೇ ಇರಲಿ. ಎರಡರಲ್ಲಿ ಅರ್ಧದಷ್ಟು ಜಾತಿ ಉಳಿಸಿ. ಉಳಿದ ಎರಡರಲ್ಲಿ ಒಂದೊಂದೇ ಜಾತಿ ಉಳಿಸಿ.

ಯಾವ ಜಾತಿ ಉಳಿಸಬೇಕು ಅನ್ನುವುದಕ್ಕೂ ಚೀಟಿಯೇ. ಯಾವಾಗಲೂ ಎತ್ತರದ ಹುಲ್ಲನ್ನೇ ಉಳಿಸಿದರೆ ಕೊನೆಗೆ ಸಿಗುವುದು ಆ ಹುಲ್ಲಿನ ಗುಣ, ಜಾತಿ ಸಂಖ್ಯೆಯ ಪರಿಣಾಮ ಅಲ್ಲ. ಒಂಟಿ ಜಾತಿಯ ಎಂಟು ತುಂಡುಗಳಲ್ಲಿ ಆದಷ್ಟು ಬೇರೆ ಬೇರೆ ಜಾತಿ ಇರಲಿ. ಇನ್ನೊಂದು ಸೂಕ್ಷ್ಮ ಇದೆ. ಕೀಳುವುದರಿಂದಲೇ ಮಣ್ಣು ಸಡಿಲವಾಗುತ್ತದೆ, ಜಾಗ ಖಾಲಿಯಾಗುತ್ತದೆ. ಇದ್ದ ಹಾಗೆ ಬಿಟ್ಟ ತುಂಡಿನಲ್ಲೂ ಹೆಚ್ಚುಕಡಿಮೆ ಅಷ್ಟೇ ತೂಕದ ಹುಲ್ಲನ್ನು ಜಾತಿ ನೋಡದೆ ಅಲ್ಲಲ್ಲಿ ಕೀಳಿ. ಇಲ್ಲದಿದ್ದರೆ ಹೋಲಿಕೆ ಮೋಸದ್ದಾಗುತ್ತದೆ.

ಕೀಳುವ ಕೆಲಸ ಜುಲೈ, ಆಗಸ್ಟ್‌ನಲ್ಲಿ, ನೆಲ ಮೆತ್ತಗಿರುವಾಗ, ಬೇರುಸಮೇತ. ಉಂಬಳ (ಜಿಗಣೆ) ಇರುತ್ತವೆ. ಸುಣ್ಣ, ತಂಬಾಕು ಜೊತೆಗಿರಲಿ. ಯುಪಟೋರಿಯಂ ಎಂಬ ಕಳೆಯ ಮೊಳಕೆಗಳನ್ನು ಎಲ್ಲ ತುಂಡುಗಳಿಂದಲೂ ತೆಗೆಯಿರಿ. ಬಿಟ್ಟರೆ ನಾಲ್ಕು ವರ್ಷದಲ್ಲಿ ಬೇಣವೇ ಇರುವುದಿಲ್ಲ. ಮೊದಲ ವರ್ಷ ಬರೀ ಕಿತ್ತು ಹದ ಮಾಡುವುದಕ್ಕೆ. ಆ ವರ್ಷದ ತೂಕ ಲೆಕ್ಕಕ್ಕಿಲ್ಲ.

ಕೊಯ್ದು, ವಿಂಗಡಿಸಿ, ಒಣಗಿಸಿ, ತೂಗಿ

ಹುಲ್ಲು ಹೂ ಬಿಟ್ಟು ಬೀಜ ಉದುರುವ ಮೊದಲು ಕೊಯ್ಯಬೇಕು. ನಮ್ಮಲ್ಲಿ ಅದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯ. ಪ್ರತಿ ವರ್ಷ ಅದೇ ವಾರ. ಒಮ್ಮೆ ದಸರಾ ರಜೆ ನೋಡಿಕೊಂಡು, ಒಮ್ಮೆ ದೀಪಾವಳಿ ನೋಡಿಕೊಂಡು ಹೋದರೆ ಹಬ್ಬದ ತಾರೀಖಿನ ಏರಿಳಿತವೇ ಹುಲ್ಲಿನ ಏರಿಳಿತವಾಗಿ ಕಾಣುತ್ತದೆ.

ಇಡೀ ತುಂಡು ಕೊಯ್ಯಬೇಡಿ. 20 ಸೆಂಟಿಮೀಟರ್ ಅಗಲ, ಎರಡೂವರೆ ಮೀಟರ್ ಉದ್ದದ ಒಂದು ಪಟ್ಟಿ ಸಾಕು. ಅದು ಅರ್ಧ ಚದರ ಮೀಟರ್ ಆಗುತ್ತದೆ. ಎರಡರಿಂದ ಗುಣಿಸಿದರೆ ಚದರ ಮೀಟರಿನ ಲೆಕ್ಕ. ಅಂಚಿನಿಂದ ಅರ್ಧ ಮೀಟರ್ ಒಳಗೆ ಇರಲಿ. ಮುಂದಿನ ವರ್ಷ ಬೇರೆ ಪಟ್ಟಿ. ಉಳಿದ ಹುಲ್ಲನ್ನು ಆಮೇಲೆ ಕರಡ ಕೊಯ್ಯುವ ಹೊತ್ತಿಗೆ ಎಲ್ಲ ತುಂಡುಗಳಲ್ಲೂ ಒಂದೇ ರೀತಿ ಕೊಯ್ದುಕೊಳ್ಳಿ.

ವಿಂಗಡಣೆ ಅದೇ ದಿನ ಆಗಬೇಕು. ಬಾಡಿದ ಮೇಲೆ ಎಲ್ಲ ಹುಲ್ಲೂ ಒಂದೇ. ಜಗಲಿಯ ಮೇಲೆ ಚಾಪೆ ಹಾಸಿ ನಾಲ್ಕು ಜನ ಕೂತರೆ ಒಂದು ಪಟ್ಟಿಗೆ ಒಂದು ತಾಸು. ಪಕ್ಕದ ಮನೆಯ ಅಜ್ಜ ಬಂದು, "ಎಂತದೋ ತಮಾ ಇದು, ಹುಲ್ಲನ್ನೂ ಆರಿಸ್ತಾ ಕೂತಿದ್ಯಲಾ" ಎಂದು ನಕ್ಕಿದ್ದರು. ಅರ್ಧ ತಾಸಿನ ನಂತರ ಅವರೇ ಚಾಪೆಯ ಮೇಲೆ ಕೂತು, ನಾವು ಒಂದೇ ಅಂದುಕೊಂಡಿದ್ದ ರಾಶಿಯನ್ನು ಎರಡು ಮಾಡಿಕೊಟ್ಟರು. ಒಂದನ್ನು ಎಮ್ಮೆ ತಿನ್ನುತ್ತದೆ, ಇನ್ನೊಂದನ್ನು ಮೂಸಿ ಬಿಡುತ್ತದೆ ಎನ್ನುವುದು ಅವರ ಗುರುತು. ಕಾಂಡದ ಗೆಣ್ಣು ಬಿಡಿಸಿ ನೋಡಿದರೆ ನಿಜವಾಗಿಯೂ ಬೇರೆ ಜಾತಿ.

ಹೆಸರು ಗೊತ್ತಿಲ್ಲದ್ದಕ್ಕೆ 'ಹುಲ್ಲು 7' ಅಂತ ನಂಬರ್ ಕೊಡಿ. ಹೂ, ಬೇರು ಸಮೇತ ಒಂದು ಗಿಡ ಒತ್ತಿ ಒಣಗಿಸಿ ರಟ್ಟಿಗೆ ಅಂಟಿಸಿಡಿ. ಶಿರಸಿಯ ಅರಣ್ಯ ಕಾಲೇಜಿನಂಥ ಕಡೆ ತೋರಿಸಿ ಹೆಸರು ಆಮೇಲೆ ಬರೆದುಕೊಳ್ಳಬಹುದು. ಲೆಕ್ಕಕ್ಕೆ ಹೆಸರು ಮುಖ್ಯ ಅಲ್ಲ. ಈ ವರ್ಷದ 7 ಮುಂದಿನ ವರ್ಷವೂ 7 ಆಗಿರಬೇಕು, ಅಷ್ಟೇ.

ಪ್ರಯೋಗಾಲಯದಲ್ಲಿ 60ರಿಂದ 70 ಡಿಗ್ರಿ ಬಿಸಿಯಲ್ಲಿ ಎರಡು ದಿನ ಒಣಗಿಸುತ್ತಾರೆ. ನಮ್ಮಲ್ಲಿ ಅಡಿಕೆ ಒಣಗಿಸುವ ಡ್ರೈಯರ್ ಇದೆಯಲ್ಲ, ಅದೇ ಆಗುತ್ತದೆ. ಪೇಪರ್ ಚೀಲದಲ್ಲಿ ಹಾಕಿ. ಹೊರಗೊಂದು, ಒಳಗೊಂದು ಚೀಟಿ. ಬರೆಯುವುದು ಪೆನ್ಸಿಲ್ಲಿನಲ್ಲಿ. ಶಾಯಿ ತೇವಕ್ಕೆ ಕದಡುತ್ತದೆ. ಇವತ್ತಿನ ತೂಕ, ನಾಳೆಯ ತೂಕ ಒಂದೇ ಬಂದರೆ ಒಣಗಿತು ಅಂತ ಅರ್ಥ. ಚೀಲದ ತೂಕ ಕಳೆಯಲು ಮರೆಯಬೇಡಿ. ಸಣ್ಣ ಗಿಡಗಳಿಗೆ ಅಡುಗೆಮನೆಯ ತಕ್ಕಡಿ ಸಾಲದು. ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ಡಿಜಿಟಲ್ ತಕ್ಕಡಿ ಈಗ ಅಗ್ಗಕ್ಕೇ ಸಿಗುತ್ತದೆ.

ಪಕ್ಕದಲ್ಲೊಂದು ಮಳೆಮಾಪಕ ಇಡಿ. ಅದಿಲ್ಲದೆ ಕೆಟ್ಟ ವರ್ಷ ಯಾವುದು ಅನ್ನುವುದು ಬರೀ ನೆನಪಿನ ಮಾತಾಗುತ್ತದೆ.

ಲೆಕ್ಕ

ಇಲ್ಲಿ ಹೆದರಬೇಡಿ. ತಿಳಿಯಲಿ ಎಂದು ನಾನೇ ಕಟ್ಟಿದ ಅಂಕಿಗಳಿವು, ಯಾವ ಬೇಣದ್ದೂ ಅಲ್ಲ. ಐದು ವರ್ಷದ ತೂಕ, ಚದರ ಮೀಟರಿಗೆ ಗ್ರಾಮಿನಲ್ಲಿ. ಎರಡನೇ ಮತ್ತು ನಾಲ್ಕನೇ ವರ್ಷ ಮಳೆ ಕೈಕೊಟ್ಟಿದೆ ಅಂದುಕೊಳ್ಳಿ.

ಮೂರು ಜಾತಿಯ ತುಂಡು:
ಎತ್ತರದ ಹುಲ್ಲು: 200, 120, 220, 90, 170
ಗಿಡ್ಡ ಹುಲ್ಲು: 100, 140, 90, 150, 120
ಬಳ್ಳಿ: 30, 50, 40, 40, 40
ಒಟ್ಟು: 330, 310, 350, 280, 330

ಒಂದೇ ಜಾತಿಯ ತುಂಡು:
ಎತ್ತರದ ಹುಲ್ಲು: 350, 220, 390, 190, 350

ಮೊದಲು ವೈವಿಧ್ಯ. ಮೂರು ಜಾತಿ ಎಂದು ಎಣಿಸಿದರೆ ಬಳ್ಳಿಗೂ ಹುಲ್ಲಿಗೂ ಒಂದೇ ಬೆಲೆ ಕೊಟ್ಟ ಹಾಗೆ. ಸರಾಸರಿ ತೂಕದಲ್ಲಿ ಅವುಗಳ ಪಾಲು 0.5, 0.375, 0.125. ಪ್ರತಿ ಪಾಲನ್ನು ಅದರ ಸಹಜ ಲಾಗರಿದಮ್ಮಿನಿಂದ ಗುಣಿಸಿ, ಕೂಡಿಸಿ, ಋಣ ಚಿಹ್ನೆ ತೆಗೆದರೆ 0.97 ಬರುತ್ತದೆ. ಇದು ಶಾನನ್ ಸೂಚ್ಯಂಕ. ಇದನ್ನು ಲಾಗರಿದಮ್ಮಿನಿಂದ ವಾಪಸ್ ತಿರುಗಿಸಿದರೆ (ಕ್ಯಾಲ್ಕುಲೇಟರಿನ eˣ ಗುಂಡಿ) ಸುಮಾರು 2.65. ಅಂದರೆ ಈ ತುಂಡು ಸರಿಸಮನಾದ ಎರಡೂ ಮುಕ್ಕಾಲು ಜಾತಿಗಿಂತ ತುಸು ಕಡಿಮೆ ಇರುವ ಹಾಗೆ. ಬರೀ 0.97 ಅಂತ ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹಾಗಾಗಿ ನಾನು ಎರಡನೆಯದನ್ನೇ ಬಳಸುತ್ತೇನೆ.

ಆಮೇಲೆ ಸ್ಥಿರತೆ. ಒಟ್ಟು ತೂಕದ ಸರಾಸರಿ 320. ಪ್ರತಿ ವರ್ಷ ಅದರಿಂದ ಎಷ್ಟು ದೂರ ಸರಿದಿದೆ ನೋಡಿ: 10, 10, 30, 40, 10. ಇವುಗಳ ವರ್ಗ ಮಾಡಿ ಕೂಡಿಸಿದರೆ 2800. ವರ್ಷಗಳ ಸಂಖ್ಯೆಯಲ್ಲಿ ಒಂದು ಕಳೆದು, ಅಂದರೆ ನಾಲ್ಕರಿಂದ, ಭಾಗಿಸಿದರೆ 700. ವರ್ಗಮೂಲ 26.5. ಇದು ಮಾನಕ ವಿಚಲನೆ, ನಮ್ಮ ಮಾತಿನಲ್ಲಿ ಅಲುಗಾಟ. ಸರಾಸರಿಯನ್ನು ಅಲುಗಾಟದಿಂದ ಭಾಗಿಸಿ. 320 ÷ 26.5 = 12.1. ಇದೇ ಸ್ಥಿರತೆ. ಒಂಟಿ ಜಾತಿಯ ತುಂಡಿನಲ್ಲಿ ಸರಾಸರಿ 300, ಅಲುಗಾಟ 88.9, ಸ್ಥಿರತೆ 3.4.

ಈಗ ಮೊದಲ ತುಂಡಿನ ಜಾತಿಗಳನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕಿ. ಎತ್ತರದ ಹುಲ್ಲು 2.9, ಗಿಡ್ಡ ಹುಲ್ಲು 4.7, ಬಳ್ಳಿ 5.7. ಒಂದೂ ಆರು ದಾಟಿಲ್ಲ. ಒಟ್ಟು ಮಾತ್ರ ಹನ್ನೆರಡು! ಎತ್ತರದ ಹುಲ್ಲು ಸೋತ ವರ್ಷ ಗಿಡ್ಡ ಹುಲ್ಲಿಗೆ ಬಿಸಿಲೂ ಜಾಗವೂ ಸಿಕ್ಕಿದೆ. ತೋಟದಲ್ಲಿ ಅಡಿಕೆ, ಮೆಣಸು ಮಾಡಿದ ಕೆಲಸವೇ ಇದು.

ಈ ಏರಿಳಿತದ ಹೊಂದಾಣಿಕೆಗೂ ಒಂದು ಅಳತೆ ಇದೆ. ಜಾತಿಗಳ ಅಲುಗಾಟಗಳನ್ನು ಕೂಡಿಸಿ: 54.3, 25.5, 7.1, ಒಟ್ಟು 86.9. ಅದರ ವರ್ಗ ಸುಮಾರು 7550. ಒಟ್ಟಿನ 700ನ್ನು ಇದರಿಂದ ಭಾಗಿಸಿದರೆ 0.09. ಎಲ್ಲ ಜಾತಿಗಳೂ ಒಟ್ಟಿಗೇ ಏರಿ ಒಟ್ಟಿಗೇ ಇಳಿದರೆ ಇದು 1 ಆಗುತ್ತದೆ. ಒಂದರ ಇಳಿತವನ್ನು ಇನ್ನೊಂದು ಪೂರ್ತಿ ತುಂಬಿದರೆ 0. ಮಿಷೆಲ್ ಲೊರೊ ಮತ್ತು ಕ್ಲೇರ್ ಡಿ ಮಜಾಂಕೂರ್ 2008ರಲ್ಲಿ ಕೊಟ್ಟ ಅಳತೆ ಇದು. ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಈ ಒಂದು ಅಂಕಿ. ಹತ್ತು ಜಾತಿ ಇದ್ದೂ ಇದು 1ರ ಹತ್ತಿರ ಇದ್ದರೆ ಆ ಹತ್ತು ಬರಕ್ಕೆ ಒಂದೇ ಥರ ಬಾಗುತ್ತವೆ ಎಂದರ್ಥ.

ಎರಡು ಎಚ್ಚರ. ಸ್ಥಿರತೆ ಹೆಚ್ಚಾಗಿದ್ದು ಅಲುಗಾಟ ಇಳಿದು ಬಂದದ್ದಾ, ಸರಾಸರಿ ಏರಿ ಬಂದದ್ದಾ? ಎರಡನ್ನೂ ಬೇರೆ ಬೇರೆ ತೋರಿಸಿ. ಇನ್ನೊಂದು, ಪಕ್ಕದ ಮತ್ತಿ ಮರ ಬೆಳೆದು ನೆರಳಾಗಿ ಹುಲ್ಲು ವರ್ಷವರ್ಷ ಒಂದೇ ಸಮ ಇಳಿಯುತ್ತಿದ್ದರೆ ಅದು ಅಲುಗಾಟವಲ್ಲ, ಇಳಿಮುಖ. ವರ್ಷಗಳ ಮೇಲೆ ಒಂದು ನೇರ ಗೆರೆ ಎಳೆದು, ಆ ಗೆರೆಯಿಂದ ಎಷ್ಟು ದೂರ ಎಂದು ಲೆಕ್ಕ ಹಾಕಿ.

ಮಳೆ ಕೈಕೊಟ್ಟ ವರ್ಷ

2023ರ ಆಗಸ್ಟ್ ನೆನಪಿದೆಯಾ? 1901ರಿಂದ ದಾಖಲೆ ಇಟ್ಟ ಮೇಲೆ ದೇಶದಲ್ಲೇ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ರೈತನಾಗಿ ಬೇಸರ, ಅಳೆಯುವವನಾಗಿ ಅಂಥ ವರ್ಷ ಬೇಕು. ಪರೀಕ್ಷೆ ಆಗುವುದೇ ಆಗ.

ಇಲ್ಲಿ ಎರಡು ಬೇರೆ ಅಳತೆ. ಒಂದು, ಎಷ್ಟು ತಡೆದುಕೊಂಡಿತು. ನಮ್ಮ ಉದಾಹರಣೆಯಲ್ಲಿ ಒಳ್ಳೆಯ ಮೂರು ವರ್ಷಗಳ ಸರಾಸರಿ ಮೊದಲ ತುಂಡಿನಲ್ಲಿ 337, ನಾಲ್ಕನೇ ವರ್ಷ 280. ಭಾಗಿಸಿದರೆ 0.83. ಒಂಟಿ ಜಾತಿಯದ್ದು 363ರಿಂದ 190ಕ್ಕೆ, ಅಂದರೆ 0.52. ಎರಡನೆಯದು, ಮರುವರ್ಷ ಎಷ್ಟು ಚೇತರಿಸಿಕೊಂಡಿತು. 330 ಭಾಗಿಸು 337, ಅಂದರೆ 0.98. ಒಂಟಿಯದ್ದು 350 ಭಾಗಿಸು 363, ಅಂದರೆ 0.96. ಇಲ್ಲಿ ವ್ಯತ್ಯಾಸವೇ ಇಲ್ಲ ಅನ್ನಬಹುದು.

ಇದು ನಾನು ಬೇಕೆಂದೇ ಇಟ್ಟ ಅಂಕಿ. 46 ಹುಲ್ಲುಗಾವಲು ಪ್ರಯೋಗಗಳನ್ನು ಒಟ್ಟುಗೂಡಿಸಿ 2015ರಲ್ಲಿ ಬಂದ ಅಧ್ಯಯನದಲ್ಲೂ ಜಾತಿ ಹೆಚ್ಚಿದ್ದರೆ ತಡೆದುಕೊಳ್ಳುವ ಶಕ್ತಿ ಹೆಚ್ಚು ಎಂದು ಕಂಡಿತ್ತು. ಚೇತರಿಕೆಯಲ್ಲಿ ಅಂಥ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. "ಸ್ಥಿರತೆ" ಎಂಬ ಒಂದೇ ಮಾತಿನಡಿ ಎರಡನ್ನೂ ತುರುಕಿದರೆ ಇದು ಕೈತಪ್ಪಿ ಹೋಗುತ್ತದೆ.

24 ತುಂಡುಗಳನ್ನು ಒಂದೇ ಹಾಳೆಯ ಮೇಲೆ

ಐದು ವರ್ಷ ಮುಗಿದ ಮೇಲೆ ಪ್ರತಿ ತುಂಡಿಗೆ ಒಂದೇ ಸ್ಥಿರತೆಯ ಅಂಕಿ. 24 ತುಂಡು, 24 ಚುಕ್ಕಿ. 24 ತುಂಡು ಗುಣಿಸು ಐದು ವರ್ಷ, 120 ಅಂಕಿ ಇದೆ ಅಂತ ಬೀಗಬೇಡಿ. ಅಡ್ಡಗೆರೆಯಲ್ಲಿ ಜಾತಿ ಸಂಖ್ಯೆಯ ಲಾಗ್, ಲಂಬಗೆರೆಯಲ್ಲಿ ಸ್ಥಿರತೆ. ಚುಕ್ಕಿಗಳಿಗೆ ಬೇಣಕ್ಕೊಂದು ಬಣ್ಣ ಕೊಡಿ. ನಾಲ್ಕೂ ಬಣ್ಣಗಳಲ್ಲಿ ಗೆರೆ ಮೇಲೇರಿದರೆ ನಂಬಬಹುದು. ಒಟ್ಟಿಗೆ ನೋಡಿದಾಗ ಏರಿ, ಬಣ್ಣಬಣ್ಣವಾಗಿ ನೋಡಿದಾಗ ಏರದಿದ್ದರೆ ಅದು ಬೇಣಗಳ ನಡುವಿನ ವ್ಯತ್ಯಾಸ ಅಷ್ಟೇ. ಕಂಪ್ಯೂಟರ್ ಗೊತ್ತಿದ್ದವರಿಗೆ ಆರ್ ಎಂಬ ಉಚಿತ ತಂತ್ರಾಂಶದಲ್ಲಿ ವೈವಿಧ್ಯಕ್ಕೆ ವೇಗನ್, ಸ್ಥಿರತೆ ಮತ್ತು ಹೊಂದಾಣಿಕೆಗೆ ಕೋಡಿನ್ ಎಂಬ ಪ್ಯಾಕೇಜ್‌ಗಳಿವೆ.

ಗೆರೆ ಏರದಿದ್ದರೆ? ಬರೆದಿಡಿ, ಮುಚ್ಚಿಡಬೇಡಿ. ಐದು ವರ್ಷದಲ್ಲಿ ಒಂದೂ ಕೆಟ್ಟ ವರ್ಷ ಬರದಿದ್ದರೆ ಹಾಗಾಗುವುದು ಸಹಜ.

ಘಟ್ಟದ ಕೆಳಗಿನವರಿಗೆ

ಕುಮಟಾ, ಅಂಕೋಲಾ, ಕಾರವಾರದವರು ಇದೇ ಲೆಕ್ಕವನ್ನು ಅಳಿವೆಯಲ್ಲಿ ಹಾಕಬಹುದು. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಇಳಿತದಲ್ಲಿ ಅರ್ಧ ಮೀಟರಿನ ಚೌಕಟ್ಟು ಇಟ್ಟು, ಕೆಸರು ಜರಡಿ ಹಿಡಿದು, ಬಳಚು, ಕಲ್ವ ಮುಂತಾದ ಚಿಪ್ಪುಗಳನ್ನು ಜಾತಿವಾರು ತೂಗಿ, ಮರಳಿ ಅಲ್ಲೇ ಬಿಡಿ. ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಬುಡದಲ್ಲಿ ಕೆಲವು ಚೌಕ, ಬಯಲು ಕೆಸರಿನಲ್ಲಿ ಕೆಲವು.

ಇಲ್ಲಿ ಮೋಸ ಮಾಡುವುದು ಉಪ್ಪು. ಅಘನಾಶಿನಿ ನದಿಗೆ ಅಣೆಕಟ್ಟಿಲ್ಲ. ಬೇಸಿಗೆಯಲ್ಲಿ ಸಮುದ್ರದ ನೀರು ಒಳಗೆ ಬರುತ್ತದೆ. ಅದರ ಅಳಿವೆ 2024ರಲ್ಲಿ ರಾಮ್ಸರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಯಿತು. ಶರಾವತಿಯಲ್ಲಿ ವಿದ್ಯುತ್ ಸ್ಥಾವರದಿಂದ ವರ್ಷವಿಡೀ ಸಿಹಿನೀರು ಇಳಿಯುತ್ತದೆ. ಕಾಳಿಯಲ್ಲಿ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಎರಡು ನದಿ ಹೋಲಿಸಿ "ಇಲ್ಲಿ ಜಾತಿ ಜಾಸ್ತಿ, ಅದಕ್ಕೇ ಸ್ಥಿರ" ಎನ್ನುವ ಹಾಗಿಲ್ಲ. ಒಂದೇ ಅಳಿವೆಯೊಳಗೆ ಚೌಕಗಳನ್ನು ಹೋಲಿಸಿ. ಪ್ರತಿ ಸಲ ಉಪ್ಪಿನಂಶ ಅಳೆದು ಬರೆಯಿರಿ.

ಮೀನಿನ ಲೆಕ್ಕವಾದರೆ ಬಲೆಯ ಕಣ್ಣಿನ ಅಳತೆ, ಬಲೆ ಬಿಟ್ಟ ತಾಸು ಎರಡೂ ಪ್ರತಿ ಸಲ ಒಂದೇ ಇರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆ ಎರಡು ತಿಂಗಳ ಸೊನ್ನೆಯನ್ನು ಅಲುಗಾಟ ಎಂದು ಸೇರಿಸಿಬಿಡಬೇಡಿ.

ವಹಿಯ ಪುಟಗಳನ್ನು ಕೊಯ್ಲಿನ ದಿನವೇ ಫೋಟೋ ತೆಗೆದು ಇಬ್ಬರ ಫೋನಿನಲ್ಲಿ ಇಡಿ. ಒತ್ತಿಟ್ಟ ಗಿಡಗಳ ರಟ್ಟನ್ನು ಮಳೆಗಾಲಕ್ಕೆ ಮೊದಲು ಅಡುಗೆಮನೆಯ ಅಟ್ಟಕ್ಕೆ ಏರಿಸಿ. ಅಲ್ಲಿ ಒಲೆಯ ಹೊಗೆ ತಾಗಿದರೆ ಬೂಸಲು ಹಿಡಿಯುವುದಿಲ್ಲ. ಗ್ಯಾಸ್ ಒಲೆ ಮಾತ್ರ ಇರುವ ಮನೆಯಾದರೆ ಡಬ್ಬಿಯಲ್ಲಿ ಹಾಕಿ, ಹುರಿದ ಅಕ್ಕಿಯ ಗಂಟು ಇಟ್ಟು ಮುಚ್ಚಳ ಬಿಗಿ ಮಾಡಿ.